ಅನುಮತಿಯಿಲ್ಲದೆ ತಣ್ಣಗಾದ ಗಣಕಯಂತ್ರದ ಕುರಿತು

ದಾಖಲೆ ಸೌಕರ್ಯ ಇಲಾಖೆ
ಪ್ರಮಾಣಪತ್ರ ಉಪಕೇಂದ್ರ ಕ್ರಮಾಂಕ ೩, ನವಲಗುಂದ ತಾಲೂಕು

ಸಂಖ್ಯೆ: ದಾಸೌಇ/ಉಕೇ-೩/ಉಷ್ಣ/೮೭/೨೦೨೪-೨೫
ದಿನಾಂಕ: ೨೮-೧೧-೨೦೨೪

ಸುತ್ತೋಲೆ

ವಿಷಯ: ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ೮೭ ಡಿಗ್ರಿ ಬಿಸಿಯಾಗುತ್ತಿದ್ದ ಈ ಕಚೇರಿಯ ಏಕೈಕ ಗಣಕಯಂತ್ರವು ದಿನಾಂಕ ೧೩-೧೧-೨೦೨೪ರಂದು ಮೇಲಧಿಕಾರಿಗಳ ಅನುಮತಿಯಿಲ್ಲದೆ ೪೩ ಡಿಗ್ರಿಗೆ ಇಳಿದಿರುವ ಬಗ್ಗೆ ಹಾಗೂ ಸದರಿ ಯಂತ್ರವನ್ನು ಯಥಾಸ್ಥಿತಿಗೆ ತರುವ ಬಗ್ಗೆ.

ಉಲ್ಲೇಖ:
(ಅ) ಈ ಕಚೇರಿಯ ಸುತ್ತೋಲೆ, ದಿ. ೦೨-೦೮-೨೦೨೪: ಯಂತ್ರಕ್ಕೆ ದಣಿವಾಗದಂತೆ ಕೆಲಸ ಕಡಿಮೆ ಮಾಡುವ ಬಗ್ಗೆ.
(ಆ) ಸುತ್ತೋಲೆ, ದಿ. ೧೯-೦೮-೨೦೨೪: ಕೆಲಸ ಕಡಿಮೆ ಮಾಡಿದರೂ ಬಿಸಿ ಇಳಿಯದ ಕಾರಣ ಕೆಲಸವನ್ನು ಪೂರ್ತಿ ನಿಲ್ಲಿಸುವ ಬಗ್ಗೆ.
(ಇ) ಸುತ್ತೋಲೆ, ದಿ. ೦೫-೦೯-೨೦೨೪: ನೀರಿನ ಹರವಿಗೆ ಸುತ್ತುವಂತೆ ಯಂತ್ರಕ್ಕೂ ಹಸಿ ಗೋಣಿತಟ್ಟು ಸುತ್ತುವ ಬಗ್ಗೆ.
(ಈ) ಸುತ್ತೋಲೆ, ದಿ. ೦೫-೦೯-೨೦೨೪, ಮಧ್ಯಾಹ್ನ: ಸದರಿ ಹಸಿ ತಟ್ಟನ್ನು ಓಡಿಹೋಗಿ ತೆಗೆಯುವ ಬಗ್ಗೆ.
(ಉ) ಶ್ರೀಮತಿ ಜಮಾಲಬಿ, ಹಿಟ್ಟಿನ ಗಿರಣಿ ಮಾಲೀಕರು, ಮೊರಬ, ಇವರ ಹೇಳಿಕೆ.

ಪ್ರಸ್ತಾವನೆ:

ಈ ಉಪಕೇಂದ್ರದ ಗಣಕಯಂತ್ರವು ೨೦೧೮ರಿಂದ ಸೇವೆಯಲ್ಲಿರುತ್ತದೆ. ಕಳೆದ ಯುಗಾದಿಯಿಂದ ಇದು ಯಾವ ಕೆಲಸವನ್ನೂ ಮಾಡದೆ, ಪರದೆಯ ಮೇಲೆ ಒಂದು ಅಕ್ಷರವೂ ಮೂಡದಿರುವಾಗಲೇ ವಿಪರೀತ ಬಿಸಿಯಾಗಿ, ಕಾಲು ಗಂಟೆಯೊಳಗೆ ತಾನಾಗಿಯೇ ಆರಿಹೋಗುತ್ತಿತ್ತು. ಪರಿಣಾಮವಾಗಿ ಪ್ರಮಾಣಪತ್ರ ಕೇಳಿ ಬಂದ ಸಾರ್ವಜನಿಕರಿಗೆ "ನಾಳೆ ಬನ್ನಿ" ಎಂದು ಹೇಳಲಾಗುತ್ತಿತ್ತು. ಈ ಮಾತನ್ನು ಹೇಳುವುದಕ್ಕೆ ಯಂತ್ರದ ಅವಶ್ಯಕತೆ ಇಲ್ಲದ ಕಾರಣ ಕಚೇರಿಯ ಕೆಲಸವು ಎಂದಿನಂತೆ ನಡೆದುಕೊಂಡು ಬಂದಿರುತ್ತದೆ.

ಹೀಗಿರುವಲ್ಲಿ ದಿನಾಂಕ ೧೩-೧೧-೨೦೨೪ರಂದು ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಇದೇ ಬಿಸಿಯ ಕುರಿತ ಸಭೆಗೆ ಧಾರವಾಡಕ್ಕೆ ತೆರಳಿದ್ದ ಸಮಯದಲ್ಲಿ, ಶ್ರೀಮತಿ ಜಮಾಲಬಿಯವರು ತಮ್ಮ ಮಗಳು ಕುಮಾರಿ ಸೀಮಾಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಲ್ಕನೆಯ ಬಾರಿ ಕಚೇರಿಗೆ ಬಂದರು. ಸೀಮಾಳಿಗೆ ಹುಬ್ಬಳ್ಳಿಯ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿದ್ದು, ಮರುದಿನ ಸಂಜೆ ಐದು ಗಂಟೆಯೊಳಗೆ ಸದರಿ ಪ್ರಮಾಣಪತ್ರ ಒಪ್ಪಿಸದಿದ್ದಲ್ಲಿ ಆ ಸೀಟು ಬೇರೆಯವರ ಪಾಲಾಗುವುದಿತ್ತು. ಯಂತ್ರವು ಬಿಸಿಯಾಗಿರುವುದರಿಂದ ನಾಳೆ ಬರಬೇಕೆಂದು ಗಣಕಯಂತ್ರ ನಿರ್ವಾಹಕ ಶ್ರೀ ಗೌರೀಶ ಇವರು ನಿಯಮಾನುಸಾರ ತಿಳಿಸಿದರು. ಆ ಬಳಿಕ ನಡೆದದ್ದನ್ನು ಶ್ರೀಮತಿ ಜಮಾಲಬಿಯವರ ಹೇಳಿಕೆಯಿಂದಲೇ ಇಲ್ಲಿ ಉದ್ಧರಿಸಲಾಗಿದೆ:

"ನಾಕನೇ ಸಲ ಬಂದಿದ್ದೆರಿ. ಬಂದಾಗೆಲ್ಲ ಡಬ್ಬಿ ಕಾದೈತಿ, ನಾಳೆ ಬರ್ರಿ ಅಂತೀರಿ. ನಾಳೆ ಅಂದ್ರ ನನ್ನ ಮಗಳ ಸೀಟ್ ಹೋತಲ್ರಿ. ಅದಕ್ಕ ಹಿಂಗೈ ಹಚ್ಚಿ ನೋಡಿದೆ. ಅಗದಿ ಹಂಚ ಕಾದಂಗ ಕಾದಿತ್ತು, ಫ್ಯಾನಿನ ಸಪ್ಪಳಾನ ಇಲ್ಲ. ಗಿರಣಿ ಮೋಟಾರ್ ಹಿಂಗ ಕಾದ್ರ ನಾವು ಕಾಗದ ಬರಕೋತ ಕುಂಡ್ರೂದಿಲ್ರಿ, ಬಿಚ್ಚತೀವಿ. ಬಿಚ್ಚಿದೆ. ಒಳಗ ನೋಡಿದ್ರ ಅರ್ಧ ಬನ್ನಿಗಿಡಾನ ಇತ್ತು."

ಈ ಸಂಬಂಧ ಶ್ರೀ ಗೌರೀಶ ಇವರ ವಿವರಣೆಯನ್ನು ಕೇಳಲಾಗಿ, "ಬ್ಯಾಡ್ರಿ ಅಕ್ಕಾರ ಅಂದೆ ಸರ್, ಕೇಳಲಿಲ್ಲ. ಆಮ್ಯಾಲ ನಾನೂ ಟಾರ್ಚ್ ಹಿಡದೆ" ಎಂದು ತಪ್ಪೊಪ್ಪಿಕೊಂಡಿರುತ್ತಾರೆ.

ಬನ್ನಿ ಎಲೆಗಳು ಯಂತ್ರದೊಳಗೆ ಹೇಗೆ ಹೋದವು ಎಂಬ ಪ್ರಶ್ನೆಗೆ ಈ ಮೂಲಕ ಸ್ಪಷ್ಟೀಕರಣ ನೀಡಲಾಗಿದೆ. ದಸರಾದಂದು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ನಮಸ್ಕರಿಸುವುದು ನಮ್ಮ ಭಾಗದ ಪದ್ಧತಿ. ಈ ಕಚೇರಿಯಲ್ಲಿ ಅಧೀಕ್ಷಕರನ್ನು ಬಿಟ್ಟರೆ ಸೇವಾ ಹಿರಿತನದಲ್ಲಿ ಗಣಕಯಂತ್ರವೇ ಎರಡನೆಯದು. ಅದಕ್ಕೆ ಕೈಗಳಿಲ್ಲದ ಕಾರಣ ನೆತ್ತಿಯ ಮೇಲಿನ ಜಾಲರಿಯ ಸಂದಿನಿಂದ ಬನ್ನಿ ಸಲ್ಲಿಸುವ ಸಂಪ್ರದಾಯವನ್ನು ೨೦೧೮ರ ದಸರಾದಿಂದ ಪಾಲಿಸಿಕೊಂಡು ಬರಲಾಗಿದೆ. ಮೊದಲ ಎಲೆಯನ್ನು ಹಾಕಿದವರು ಯಾರು ಎಂಬುದು ಇಲ್ಲಿ ಅಪ್ರಸ್ತುತ. ಆ ಸಮಾರಂಭದ ಫೋಟೋದಲ್ಲಿ ಅಧೀಕ್ಷಕರು ಯಂತ್ರದ ಮೇಲೆ ಕೈಯಿಟ್ಟು ನಿಂತಿರುವುದು ಕಾಕತಾಳೀಯವಾಗಿರುತ್ತದೆ.

ಏಳು ದಸರಾಗಳ ಬನ್ನಿಯನ್ನು ಗಿರಣಿಯ ಬ್ರಷ್ಷಿನಿಂದ ಹನ್ನೊಂದು ನಿಮಿಷಗಳಲ್ಲಿ ಹೊರತೆಗೆಯಲಾಗಿ, ಫ್ಯಾನು ತಿರುಗಿ, ಯಂತ್ರವು ೪೩ ಡಿಗ್ರಿಗೆ ಇಳಿದಿದೆ. ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕುಮಾರಿ ಸೀಮಾಳ ಪ್ರಮಾಣಪತ್ರ ಮುದ್ರಣವಾಗಿದೆ. ಅಷ್ಟಕ್ಕೇ ನಿಲ್ಲದೆ, ಹೊರಗೆ ಪಾಳೆಯಲ್ಲಿ ನಿಂತಿದ್ದ ಇತರ ನಲವತ್ತಾರು ಜನರ ಪ್ರಮಾಣಪತ್ರಗಳನ್ನೂ ಕಚೇರಿ ಮುಚ್ಚುವುದರೊಳಗೆ ವಿತರಿಸಲಾಗಿದೆ. ಹಿಂದಿನ ಮೂರು ತಿಂಗಳಲ್ಲಿ ಈ ಕಚೇರಿಯ ಸರಾಸರಿಯು ದಿನಕ್ಕೆ ಒಂದೂವರೆ ಪ್ರಮಾಣಪತ್ರವಾಗಿದ್ದು, ಒಂದೇ ದಿನದ ಈ ಅತಿರೇಕದಿಂದ ಅಂಕಿಅಂಶಗಳ ಸಮತೋಲನ ಕೆಟ್ಟುಹೋಗಿದೆ. ಮೂರು ಸಭೆ, ನಾಲ್ಕು ಸುತ್ತೋಲೆಗಳಿಂದ ಆಗದಿದ್ದುದು ಒಂದು ಬ್ರಷ್ಷಿನಿಂದ ಆಗಿರುವುದಕ್ಕೆ ಈ ಕಚೇರಿಗೆ ನೋವಾಗಿದೆ. ಅಸೂಯೆಯಾಗಿದೆ ಎಂಬ ವದಂತಿಯನ್ನು ಮಾತ್ರ ಅಲ್ಲಗಳೆಯಲಾಗಿದೆ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಆದೇಶಿಸಲಾಗಿದೆ:

೧. ಕಚೇರಿಯ ಯಂತ್ರದ ಮೇಲೆ ಸಾರ್ವಜನಿಕರು ಹಿಂಗೈ, ಮುಂಗೈ ಅಥವಾ ಅಂಗೈ ಇಡುವುದನ್ನು ನಿಷೇಧಿಸಲಾಗಿದೆ. ಯಂತ್ರವು ಬಿಸಿಯಾಗಿದೆ ಎಂಬುದನ್ನು ಅರ್ಜಿದಾರರು ಸಿಬ್ಬಂದಿಯ ಮುಖಭಾವದಿಂದ ತಿಳಿದುಕೊಳ್ಳತಕ್ಕದ್ದು.

೨. "ಸುಮ್ಮನಿರುವುದು" ಎಂದರೆ ಏನು ಎಂಬ ಬಗ್ಗೆ ಗೊಂದಲವಿರುವುದರಿಂದ ಹೀಗೆ ವ್ಯಾಖ್ಯಾನಿಸಲಾಗಿದೆ: ಕುರ್ಚಿಯಲ್ಲಿದ್ದು, ಹಾಜರಿ ಹಾಕಿ, ಮುಂದೆ ಜನರಿದ್ದೂ ಯಾವುದೇ ಕೆಲಸ ನಡೆಯದಿರುವ ಸ್ಥಿತಿ. ಈ ಸ್ಥಿತಿಯಲ್ಲಿ ಸಿಬ್ಬಂದಿಯ ಉಷ್ಣಾಂಶವನ್ನು ಆರೋಗ್ಯ ಸಹಾಯಕಿ ಶ್ರೀಮತಿ ಮಹಾನಂದಾ ಇವರಿಂದ ಮೂರು ದಿನ ಅಳೆಸಲಾಗಿ, ಯಾರದೂ ಮೂವತ್ತೇಳು ಡಿಗ್ರಿಯನ್ನು ಮೀರಿರುವುದಿಲ್ಲ. ಅಧೀಕ್ಷಕರದು ಮೂವತ್ತಾರೂವರೆ. ಇಪ್ಪತ್ತೆಂಟು ವರ್ಷಗಳ ಅನುಭವದಿಂದ ಮಾತ್ರ ಬರುವ ಈ ಸಮಚಿತ್ತವನ್ನು ಯಂತ್ರವು ಸಿಬ್ಬಂದಿಯಿಂದ ಕಲಿಯತಕ್ಕದ್ದು.

೩. ಬಿಸಿಯ ಕಾರಣವನ್ನು ಪತ್ತೆ ಹಚ್ಚಲು ಧಾರವಾಡದಿಂದ ಐದು ಜನ ತಜ್ಞರ ಉಷ್ಣ ಪರಿಶೀಲನಾ ಸಮಿತಿಯು ದಿನಾಂಕ ೦೬-೦೧-೨೦೨೫ರಂದು ಆಗಮಿಸಲಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಹಿರಿಯರ ಮಾತಿನಂತೆ ಹೊರಗಿನ ತಜ್ಞರೇ ಬೇಕಾಗಿರುತ್ತದೆ. ಸಮಿತಿ ಬಂದಾಗ ಪರಿಶೀಲಿಸಲು ಬಿಸಿಯೇ ಇಲ್ಲದಿದ್ದರೆ ಇಲಾಖೆಯ ಮರ್ಯಾದೆಯ ಪ್ರಶ್ನೆಯಾಗುವುದರಿಂದ, ಯಂತ್ರವನ್ನು ೮೭ ಡಿಗ್ರಿಗೆ ಮರಳಿಸುವುದು ಅತ್ಯವಶ್ಯ.

೪. ಅದರಂತೆ, ಕಚೇರಿಯ ಹಿಂದಿನ ತಿಪ್ಪೆಯಿಂದ ಜವಾನ ಶ್ರೀ ಮಡಿವಾಳೆಪ್ಪ ಇವರು ಆರಿಸಿ ತಂದ ಬನ್ನಿ ಎಲೆಗಳನ್ನು ದಿನಾಂಕ ೧೫-೧೧-೨೦೨೪ರಂದು ಪಂಚರ ಸಮಕ್ಷಮ ಯಂತ್ರದೊಳಗೆ ಮರಳಿ ತುಂಬಿರುವುದನ್ನು ಸ್ಥಿರೀಕರಿಸಲಾಗಿದೆ. ತುಂಬುವಾಗ ಪ್ರತಿ ವರ್ಷದ ಎಲೆಯು ಆಯಾ ವರ್ಷದ ಜಾಗದಲ್ಲಿಯೇ ಇರುವಂತೆ ನೋಡಿಕೊಳ್ಳಲಾಗಿದೆ. ಕಡಿಮೆ ಬಿದ್ದ ಎಲೆಗಳನ್ನು ಹೊಸದಾಗಿ ಗಿಡದಿಂದ ಕಿತ್ತು ತರಲಾಗಿದ್ದು, ಅವು ಹಸಿಯಿರುವುದರಿಂದ ಯಂತ್ರವು ಸದ್ಯ ೭೯ ಡಿಗ್ರಿಯಲ್ಲಿದೆ. ಒಣಗಿದ ಮೇಲೆ ಗುರಿ ತಲುಪುವ ವಿಶ್ವಾಸವಿದೆ.

೫. ಬಿಸಿಯ ಕಾರಣ ಬನ್ನಿ ಎಂಬುದನ್ನು ಸಮಿತಿಯ ಮುಂದೆ ಯಾರೂ ಬಾಯಿ ಬಿಡತಕ್ಕದ್ದಲ್ಲ. ತಜ್ಞರ ಸ್ವತಂತ್ರ ಚಿಂತನೆಯ ಮೇಲೆ ಪ್ರಭಾವ ಬೀರಿದಂತಾಗುತ್ತದೆ.

೬. ಯಂತ್ರವು ಅನಧಿಕೃತವಾಗಿ ತಣ್ಣಗಿದ್ದ ಅವಧಿಯಲ್ಲಿ ಮುದ್ರಿತವಾದ ನಲವತ್ತೇಳು ಪ್ರಮಾಣಪತ್ರಗಳು ಸಿಂಧುವಲ್ಲ ಎಂದು ಘೋಷಿಸಲಾಗಿದೆ. ಕುಮಾರಿ ಸೀಮಾ ತನ್ನ ಪ್ರಮಾಣಪತ್ರವನ್ನು ಏಳು ದಿನಗಳೊಳಗೆ ಹಿಂದಿರುಗಿಸತಕ್ಕದ್ದು. ಸಮಿತಿಯು ಯಂತ್ರವನ್ನು ಕ್ರಮಬದ್ಧವಾಗಿ ತಂಪುಗೊಳಿಸಿದ ನಂತರ, ಅದೇ ವಿವರಗಳಿರುವ ಅದೇ ಪ್ರಮಾಣಪತ್ರವನ್ನು ಹೊಸದಾಗಿ ಕೊಡಲಾಗುವುದು. ಅಷ್ಟರೊಳಗೆ ಸೀಟು ಕೈತಪ್ಪಿದಲ್ಲಿ ಆಕೆಯು ಮುಂದಿನ ವರ್ಷ ಪ್ರಯತ್ನಿಸಲು ಈ ಕಚೇರಿಯ ಯಾವ ಆಕ್ಷೇಪಣೆಯೂ ಇರುವುದಿಲ್ಲ.

೭. ಶ್ರೀ ಗೌರೀಶ ಇವರು ಟಾರ್ಚ್ ಹಿಡಿದಿರುವುದು ಕರ್ತವ್ಯಲೋಪ. ಟಾರ್ಚ್ ಅವರ ಸ್ವಂತದ್ದಾಗಿರುವುದು ಇನ್ನೂ ಗಂಭೀರ ಲೋಪ.

೮. ಮುಂದಿನ ದಸರಾದಿಂದ ಯಂತ್ರಕ್ಕೆ ಬನ್ನಿ ಸಲ್ಲಿಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದೇ ಜಾಲರಿಯೊಳಗೆ ಹಾಕತಕ್ಕದ್ದು. ಸ್ವೀಕೃತಿಯನ್ನು ಸದರಿ ಗಣಕಯಂತ್ರದಲ್ಲಿಯೇ ಮುದ್ರಿಸಿ ಕೊಡಲಾಗುವುದು.

ಯಂತ್ರವು ಬಿಸಿಯಾಗಿ ಆರಿಹೋಗಿರುವುದರಿಂದ ಈ ಸುತ್ತೋಲೆಯನ್ನು ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಲಾಗಿದೆ. ಇದನ್ನು ಓದಿ ನಕ್ಕವರ ಹೆಸರುಗಳನ್ನು ಅಂಗಡಿಯವರಿಂದ ಪಡೆಯಲಾಗುತ್ತಿದೆ.

ಸಹಿ/-
(ಗುಡದಪ್ಪ ಶಿ. ಅಂಗಡಿ)
ಅಧೀಕ್ಷಕರು,
ಪ್ರಮಾಣಪತ್ರ ಉಪಕೇಂದ್ರ ಕ್ರಮಾಂಕ ೩

ಪ್ರತಿಗಳು:

೧. ಅಧ್ಯಕ್ಷರು, ಉಷ್ಣ ಪರಿಶೀಲನಾ ಸಮಿತಿ, ಧಾರವಾಡ: ಸಾದರಪೂರ್ವಕವಾಗಿ. ತಾವು ಬರುವಾಗ ಸ್ವೆಟರ್ ತರುವ ಅವಶ್ಯಕತೆ ಇರುವುದಿಲ್ಲ.

೨. ಶ್ರೀ ಗೌರೀಶ, ನಿರ್ವಾಹಕರು: ಸೇವಾ ಪುಸ್ತಕದಲ್ಲಿ ತಾವೇ ನಮೂದಿಸಿಕೊಳ್ಳಲು.

೩. ಶ್ರೀ ಮಡಿವಾಳೆಪ್ಪ, ಜವಾನರು: ಎಲೆಗಳು ಒಣಗುವವರೆಗೆ ಕಾವಲಿಗಾಗಿ.

೪. ಪ್ರಾಂಶುಪಾಲರು, ನರ್ಸಿಂಗ್ ಕಾಲೇಜು, ಹುಬ್ಬಳ್ಳಿ: ಸೀಮಾಳ ಪ್ರಮಾಣಪತ್ರವನ್ನು ಹಿಂದಿರುಗಿಸಲು ಎರಡನೆಯ ನೆನಪೋಲೆಯಾಗಿ. ಮೊದಲನೆಯದಕ್ಕೆ ತಾವು ಬರೆದ "ಪ್ರವೇಶ ಮುಗಿದಿದೆ. ಹುಡುಗಿ ತರಗತಿಯಲ್ಲಿ ಕುಳಿತಿದ್ದಾಳೆ. ಪ್ರಮಾಣಪತ್ರದಲ್ಲಿ ಏನೂ ದೋಷ ಕಾಣಲಿಲ್ಲ, ಮುಟ್ಟಿ ನೋಡಿದೆವು, ಎಷ್ಟು ಬೇಕೋ ಅಷ್ಟೇ ತಣ್ಣಗಿದೆ" ಎಂಬ ಉತ್ತರವನ್ನು ಅಸಮರ್ಪಕವೆಂದು ಪರಿಗಣಿಸಲಾಗಿದೆ.

೫. ಶ್ರೀಮತಿ ಜಮಾಲಬಿ, ಹಿಟ್ಟಿನ ಗಿರಣಿ, ಮೊರಬ: ಕಟ್ಟುನಿಟ್ಟಿನ ಪಾಲನೆಗಾಗಿ. ಇದರ ಕರಡು ಪ್ರತಿಯನ್ನು ಮುಟ್ಟಿಸಲು ಹೋದ ಶ್ರೀ ಮಡಿವಾಳೆಪ್ಪ ಇವರ ಮುಂದೆ ಸದರಿಯವರು ಹೇಳಿದ್ದನ್ನು ದಾಖಲೆಗಾಗಿ ಇಲ್ಲಿ ಬರೆದುಕೊಳ್ಳಲಾಗಿದೆ: "ಅಲ್ಲೇ ಇಟ್ಟು ಹೋಗ್ರಿ ಕಾಕಾ, ಕೈಯೆಲ್ಲ ಹಿಟ್ಟಾಗೇತಿ. ನನ್ನ ಮಗಳದು ಆತು, ಅಕಿ ಇನ್ನ ನಿಮ್ಮ ಕೈಗೆ ಸಿಗೂದಿಲ್ಲ. ಆದ್ರ ನಿಮ್ಮ ಬಾಗಿಲ ಮುಂದ ಮಂದಿ ಮತ್ತ ಪಾಳೆ ಹಚ್ಚ್ಯಾರಂತಲ್ಲ, ಅವರೂ ಯಾರದರ ತಾಯಿ ತಂದಿ ಅದಾರ. ಮಂಗಳವಾರ ಗಿರಣಿ ಬಂದ್ ಇರತೈತಿ, ಬಂದು ತೆಗದು ಹೋಗ್ತೀನಿ. ಅವತ್ತೊಂದಿನ ನಿಮ್ಮ ಸಾಹೇಬರಿಗೆ ಎಲ್ಲ್ಯರ ಮೀಟಿಂಗಿಗೆ ಹೋಗಾಕ ಹೇಳ್ರಿ."

೬. ಅಧೀಕ್ಷಕರ ಪ್ರವಾಸ ದಿನಚರಿ: ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಧಾರವಾಡದಲ್ಲಿ ಸಭೆ ಇರುವುದೆಂದು ನಮೂದಿಸಿಕೊಳ್ಳಲು. ಸಭೆಯ ವಿಷಯವನ್ನು ಆಮೇಲೆ ತಿಳಿಸಲಾಗುವುದು.