ಆಟದ ಸದ್ದು, ಆಟಾ ಚಕ್ಕಿ

ಬನಾರಸಿನಲ್ಲಿ ಮನೆ ಮಾಡಿಕೊಂಡಿದ್ದೂ ಹೆಂಡತಿಗೆ ಸೀರೆ ಬಿಟ್ಟು ಬೇರೆ ಉಡುಗೊರೆ ಹುಡುಕುವ ಗಂಡಸಿಗೆ ತಲೆ ನೆಟ್ಟಗಿಲ್ಲ ಎಂದೇ ಲೆಕ್ಕ. ನನಗೆ ನೆಟ್ಟಗಿಲ್ಲ. ಬ್ಯಾಂಕಿನವರು ದಾವಣಗೆರೆಯಿಂದ ಇಲ್ಲಿಗೆ ವರ್ಗ ಮಾಡಿ ವರ್ಷಗಳಾದವು. ಸೀರೆ ತುಂಬಿ ನನ್ನವಳ ಬೀರುವಿನ ಬಾಗಿಲು ಈಗ ಮುಚ್ಚುವುದಿಲ್ಲ. ಮೊನ್ನೆ ಅವಳು ಒಗ್ಗರಣೆ ಹಾಕುತ್ತಾ, "ರೀ, ಮದುವೆಯಾದ ಹೊಸದ್ರಲ್ಲಿ ಟೀವಿಗೆ ಸಿಕ್ಕಿಸಿ ಆಡ್ತಿದ್ವಲ್ಲ, ಮೊಲ ಹಾರೋ ಗೇಮು, ಅದರ ಮ್ಯೂಸಿಕ್ ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ" ಎಂದಳು. ಭಾನುವಾರ ಅವಳ ಹುಟ್ಟುಹಬ್ಬ. ಅವತ್ತು ಬೆಳಿಗ್ಗೆ ಅವಳ ಫೋನಿನಲ್ಲಿ ಅದೇ ಸಂಗೀತ ಮೊಳಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ನಿರ್ಧರಿಸಿಬಿಟ್ಟೆ.

ನನ್ನ ಫೋನನ್ನು ಮಗಳು ಹಿಂದಿಗೆ ಹೊಂದಿಸಿಟ್ಟಿದ್ದಾಳೆ. ಇಲ್ಲೇ ಬೆಳೆದ ಅವಳಿಗೆ ಫೋನಿಗೂ ಕನ್ನಡ ಬರಬಹುದೆಂಬ ಯೋಚನೆಯೇ ಬಂದಿಲ್ಲ. ಅದನ್ನು ಬಾಯಿಯ ಹತ್ತಿರ ಹಿಡಿದು "ಮೊಲ, ಆಟ" ಎಂದೆ. ಮೊಲ ಅದಕ್ಕೆ ಮೋಲ್ ಆಯಿತು, ಅಂದರೆ ಬೆಲೆ. ಆಟ ಆಟಾ ಆಯಿತು, ಅಂದರೆ ಗೋಧಿಹಿಟ್ಟು. ಗೋದೌಲಿಯಾ ಚೌಕದಿಂದ ಗಂಗೆಯಾಚೆಯ ರಾಮನಗರದವರೆಗಿನ ಆಟಾ ಚಕ್ಕಿಗಳನ್ನೆಲ್ಲ, ಅಂದರೆ ಹಿಟ್ಟಿನ ಗಿರಣಿಗಳನ್ನೆಲ್ಲ, ಅದು ಸಾಲಾಗಿ ತೋರಿಸಿತು. ನಾನು ಸಿಟ್ಟಾಗಿ "ಆಟ! ಆಟದ ಸದ್ದು!" ಎಂದು ಕೂಗಿದರೆ ಇನ್ನೂ ನಾಲ್ಕು ಗಿರಣಿ ಬಂದವು. ಅಡುಗೆಮನೆಯಿಂದ, "ಹಿಟ್ಟು ಡಬ್ಬಿ ತುಂಬಾ ಇದೆ ಕಣ್ರೀ, ಸುಮ್ನಿರಿ" ಎಂಬ ಉತ್ತರ ಬಂತು.

ಕೊನೆಗೆ ಮಗಳ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನಲ್ಲೇ ಟೈಪು ಮಾಡಿದೆ. ಒಂದು ಪುಟ ತೆರೆಯಿತು. ಅದರ ತುಂಬ ಡೌನ್‌ಲೋಡ್ ಎಂದು ಬರೆದ ಹಸಿರು ಗುಂಡಿಗಳು, ಒಂದಕ್ಕಿಂತ ಒಂದು ದೊಡ್ಡವು. ದಶಾಶ್ವಮೇಧ ಘಾಟಿನಲ್ಲಿ ಪಂಚೆ ಕಂಡೊಡನೆ "ಬನ್ನಿ ಬನ್ನಿ, ಕರ್ನಾಟಕದವರಾ?" ಎಂದು ದೋಣಿಯವರು ನಾಲ್ಕು ಕಡೆಯಿಂದ ಕರೆಯುತ್ತಾರಲ್ಲ, ಹಾಗೆ. ಗೊತ್ತಿಲ್ಲದ್ದನ್ನು ಒತ್ತಬೇಡಿ ಎಂದು ಗ್ರಾಹಕರಿಗೆ ದಿನವೂ ಉಪದೇಶ ಮಾಡುವವನು ನಾನೇ. ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನು ಒತ್ತಿದವನೂ ನಾನೇ. ಏನೋ ಇಳಿಯಿತು, ಇನ್‌ಸ್ಟಾಲ್ ಮಾಡಲೇ ಎಂದು ಕೇಳಿತು. ಹೂಂ ಅನ್ನುವಷ್ಟರಲ್ಲಿ ಮಗಳು ಓಡಿ ಬಂದಳು.

"ಪಪ್ಪಾ, ರುಕೋ! ಹಾಡು ಕೇಳೋಕೆ ಇನ್‌ಸ್ಟಾಲ್ ಯಾಕೆ, ಬತಾವೋ?"

ಅವಳು ಅದನ್ನು ತೆರೆಯದೆಯೇ ಅಳಿಸಿ, ವೈರಸ್ ಏನಾದರೂ ಸೇರಿದೆಯೇ ಎಂದು ಪರೀಕ್ಷಿಸಿ, ಹಳೆಯ ಗೇಮುಗಳ ಅಭಿಮಾನಿಗಳು ನಡೆಸುವ ಒಂದು ಬಡಕಲು ಪುಟ ಹುಡುಕಿಕೊಟ್ಟಳು. ಅಲ್ಲಿ ಕರೆಯುವವರು ಯಾರೂ ಇಲ್ಲ. ಮೊದಲು ಕೇಳಬಹುದು, ಬೇಕಾದರೆ ಇಳಿಸಿಕೊಳ್ಳಬಹುದು. ಹೆಸರಿನ ಕೊನೆಯಲ್ಲಿ ಎಂಪಿತ್ರೀ ಎಂದಿದ್ದರೆ ಸಾಕು, ಬೇರೇನಾದರೂ ಇದ್ದರೆ ಮುಟ್ಟಬೇಡಿ ಎಂದಳು.

ಮೊಲದ ಗೇಮಿನ ಹೆಸರಿನಡಿ ತುಂಬ ತುಣುಕುಗಳಿದ್ದವು. ಒಂದೊಂದನ್ನೇ ಕೇಳಿದೆ. ಯಾವುದೂ ಪರಿಚಯವೆನಿಸಲಿಲ್ಲ. ಕೊನೆಗೆ ಒಂದು ಬಂತು ನೋಡಿ, ಎರಡು ಸ್ವರ ಹತ್ತಿ ಜರ್ರನೆ ಕೆಳಗಿಳಿಯುವುದು. ಇದೇ! ಆ ದಿನಗಳೆಲ್ಲ ಇದರಲ್ಲೇ ಇವೆ ಎನ್ನಿಸಿ ಕಣ್ಣು ಒದ್ದೆಯಾಯಿತು.

ಭಾನುವಾರ ಬೆಳಿಗ್ಗೆ ಹೆಂಡತಿಯ ಕೈಗೆ ಚಹಾ ಕೊಟ್ಟು, ರಾತ್ರಿಯೇ ಅದನ್ನು ಸೇರಿಸಿಟ್ಟಿದ್ದ ಅವಳ ಫೋನು ಒತ್ತಿದೆ. ಅವಳು ಹುಬ್ಬು ಗಂಟಿಕ್ಕಿದಳು. "ಇದ್ಯಾವ್ದು?"

"ಅದೇ ಕಣೇ, ಮೊಲದ್ದು!"

ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ ನಕ್ಕಳು, ಚಹಾ ತಟ್ಟೆಗೆಲ್ಲ ಚೆಲ್ಲುವಷ್ಟು ನಕ್ಕಳು. "ರೀ, ಇದು ಮೊಲ ಸತ್ತಾಗ ಬರೋದು! ನನ್ನ ಸರದೀಲಿ ಇದು ಎಲ್ಲಿ ಬರ್ತಿತ್ತು? ನಿಮ್ಮ ಸರದೀಲಿ ಬೇರೆ ಏನಾದ್ರೂ ಬರ್ತಿತ್ತಾ?"

ಅವಳಿಗೆ ಬೇಕಾದ ಸಂಗೀತವನ್ನು ಮಗಳು ಆಮೇಲೆ ಇಳಿಸಿಕೊಟ್ಟಳು. ಆದರೆ ನಾನು ತಂದದ್ದನ್ನೂ ನನ್ನವಳು ಅಳಿಸಲಿಲ್ಲ. ನನ್ನ ಕರೆಯ ರಿಂಗ್‌ಟೋನಾಗಿ ಇಟ್ಟುಕೊಂಡಿದ್ದಾಳೆ. ನಾನು ಬ್ಯಾಂಕಿನಿಂದ ಫೋನು ಮಾಡಿದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಮೊಲ ಸಾಯುತ್ತದೆ, ಅವಳು ನಗುತ್ತಲೇ "ಹಲೋ" ಎನ್ನುತ್ತಾಳೆ. ಆ ನಗು ಕೇಳಲೆಂದೇ ಈಚೆಗೆ ಕೆಲಸವಿಲ್ಲದಿದ್ದರೂ ಫೋನು ಮಾಡುತ್ತಿದ್ದೇನೆ.