ಮಾವನ ಹಂಡೆಯಲ್ಲಿ ಮೂರು ಗೆಂಡೆ

...ಸಾರಿಗೇ ಅದ್ದಿದ್ದೋ, ಮಜ್ಜಿಗೆಗೋ? ನನ್ನ ನೆನಪನ್ನು ನಂಬಬೇಡಿ. ಹೇಳಿದಷ್ಟೂ ಉಪ್ಪುಖಾರ ಬೆರೆಸಿಕೊಳ್ಳುತ್ತದೆ. ಆದರೆ ಕುಣಿಗಲ್ಲಿನ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲೇ, ನನ್ನ ಸೋದರಮಾವ ಜೇಬಿನಿಂದ ನೀಲಿ ಲಿಟ್ಮಸ್ ಕಾಗದ ತೆಗೆದದ್ದಂತೂ ಖಂಡಿತ. ಕಾಗದ ಕೆಂಪಾಯಿತು. "ಆಸಿಡ್ ಕಣೋ!" ಎಂದರು. ಅರ್ಧ ಪಂಕ್ತಿ ಎದ್ದು ಕೈ ತೊಳೆಯಿತು!

ನಿವೃತ್ತ ವಿಜ್ಞಾನ ಮೇಷ್ಟ್ರು. ಬಟವಾಡಿಯಲ್ಲಿರುವ ತಮ್ಮ ಮನೆಗೆ ಬಂದವರ ಕಾಫಿಗೂ ಕಾಗದ ಅದ್ದದೆ ಬಿಡುವುದಿಲ್ಲ. "ನಿಮ್ಮಾವ ನನ್ನ ಕಣ್ಣೀರಿಗೊಂದು ಅದ್ದಿಲ್ಲ ನೋಡು," ಎನ್ನುತ್ತಾರೆ ಅತ್ತೆ.

ಅವರ ಹಳೆಯ ವಿದ್ಯಾರ್ಥಿ ಬಶೀರ್ ಗುಬ್ಬಿಯ ಹತ್ತಿರ ಕಟ್ಟೆಯೊಂದರಲ್ಲಿ ಮೀನು ಸಾಕಿದ್ದಾನೆ. ಪಕ್ಕದ ಶೆಡ್ಡಿನವರು ಲೋಹದ ಸಾಮಾನನ್ನು ಆಸಿಡ್ಡಿನಲ್ಲಿ ತೊಳೆದು ಆ ನೀರನ್ನು ಕಟ್ಟೆಗೇ ಬಿಡುತ್ತಾರೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಸಾರ್, ಮೀನಿಗೇ ರೋಗ ಅಂತವ್ರೆ ಶೆಡ್‌ನೋರು. ನೀರಿಂದೇ ತಪ್ಪು ಅಂತ ತೋರಿಸ್ಕೊಡಿ. ಇಲ್ಲಾಂದ್ರೆ ನಾನು ಕಟ್ಟೇನೇ ಬಿಡ್ಬೇಕು," ಎಂದ.

ಮಾವ ಕಟ್ಟೆಗೆ ಹೋಗಿ, ಮೂರು ಗೆಂಡೆ ಮೀನುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಮನೆಯ ಕಡೆಗೆ ಬಸ್ ಹತ್ತಿದರು.

"ಇದೇನ್ ಸಾರ್, ಲಗೇಜಾ?" ಕಂಡಕ್ಟರ್ ಕೇಳಿದ.

"ಪೇಷಂಟ್‌ಗಳು ಕಣಪ್ಪ!"

ಮೀನುಗಳ ಕಿವಿರುಗಳಿಗೆ ಲೋಳೆ ಕಟ್ಟಿತ್ತು. ಒಳ್ಳೆಯ ನೀರಿನಲ್ಲಿ ಚೇತರಿಸಿಕೊಂಡರೆ ತಪ್ಪು ಕಟ್ಟೆಯ ನೀರಿನದು ಎಂದು ತೋರಿಸಬಹುದಲ್ಲ! ಮನೆಯಲ್ಲಿ ಒಳ್ಳೆಯ ನೀರೆಂದರೆ ಯಾವುದು? ತಾಮ್ರದ ಹಂಡೆಯದು! ಆರೋಗ್ಯಕ್ಕೆ ಒಳ್ಳೆಯದು ತಾನೇ? ಬರುವವರು ರೋಗಿಗಳೆಂದು ಅತ್ತೆ ಹಂಡೆಯನ್ನು ಹುಣಸೆಹಣ್ಣಿನಿಂದ ಒಳಗೂ ಹೊರಗೂ ಫಳಫಳ ಉಜ್ಜಿದ್ದರು. ಆಮೇಲೆ ಎಷ್ಟು ತೊಳೆದರೋ, ನೀರು ತುಂಬಿ ದಾರಿ ಕಾಯುತ್ತಿದ್ದರು. ಮಾವ ಮೀನುಗಳನ್ನು ಅದಕ್ಕೇ ಬಿಟ್ಟರು.

ಮಧ್ಯಾಹ್ನಕ್ಕೆ ಮೂರೂ ಹೊಟ್ಟೆ ಮೇಲೆ ಮಾಡಿ ತೇಲಿದವು.

"ಮಾವ, ಹುಳಿ ಸೇರಿದ್ರೆ ತಾಮ್ರ ನೀರಿಗೆ ಬಿಡುತ್ತೆ, ಅದು ಮೀನಿಗೆ ವಿಷ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ಹಂಡೆಗೆ ಕಾಗದ ಹಾಕಿ ನೋಡ್ಲಿಲ್ವಾ?" ಎಂದೆ.

"ನಮ್ಮನೆ ನೀರಿಗೆ ಯಾರಾದ್ರೂ ಹಾಕ್ತಾರೇನೋ!"

ಆಗಲಾದರೂ ಹಾಕಬಹುದಿತ್ತು. ಕೈ ಜೇಬಿಗೆ ಹೋಗಿತ್ತು ಕೂಡ. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ನಾನು ಉಜ್ಜಿದ್ದಕ್ಕೇನ್ರೀ?"

ಮಾವನ ಕೈ ಬರಿದಾಗಿಯೇ ಹೊರಬಂತು. "ಇಲ್ಲ ಕಣೇ, ದಾರೀಲೇ ಅರ್ಧ ಜೀವ ಹೋಗಿತ್ತು," ಎಂದು ಹಂಡೆಯನ್ನು ಬಚ್ಚಲಿಗೆ ಬಗ್ಗಿಸಿದರು. ನಂತರ ಅಂಗಳಕ್ಕೆ ಹೋಗಿ ಬಶೀರನಿಗೆ ಮೆಲ್ಲಗೆ ಫೋನಿನಲ್ಲಿ ಹೇಳಿದರು: "ನಾನೇ ಕೆಡಿಸ್ಬಿಟ್ಟೆ ಕಣಪ್ಪ. ಇನ್ನೂ ಮೂರು ಹಿಡಿದಿಡು, ನಾಳೆ ಬರ್ತೀನಿ."

ಆ ಮೂರನ್ನು ಕೊಂದದ್ದು ಕಟ್ಟೆಯ ನೀರೋ, ಹಂಡೆಯದೋ, ನನಗೆ ಇವತ್ತಿಗೂ ಗೊತ್ತಿಲ್ಲ.