ಉತ್ತರಕ್ಕೆ ಬಾಣ ಬರೆದ ಆಕ್ಸಲ್

ಈ ಜನ್ಮದಲ್ಲಿ ಇನ್ನು ಆ ಆಂಜಿಯ ಶೆಡ್ಡಿಗೆ ಕಾಲಿಡುವುದಿಲ್ಲ! ಕಾರಿನ ಮುಂದಿನ ಆಕ್ಸಲ್ಲನ್ನು ನಾನೇ ಬಿಚ್ಚುತ್ತೇನೆ, ನಾನೇ ತಿದ್ದುತ್ತೇನೆ, ನಾನೇ ಕೂರಿಸುತ್ತೇನೆ!

ಹೀಗೆಂದು ನಾನು ಹಜಾರದಲ್ಲಿ ನಿಂತು ಘೋಷಿಸಿದಾಗ ನನ್ನ ಹೆಂಡತಿ ತ್ರಿವೇಣಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೂರಿಸಿದ್ಮೇಲೆ ಓಡ್ಸೋರು ಯಾರು?"

"ನಾನೇ!"

"ಅದ್ರಲ್ಲಿ ಕೂತ್ಕೊಳ್ಳೋರು?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲ. ದಡದಡನೆ ಅಂಗಳಕ್ಕೆ ಇಳಿದೆ. ನನಗೆ ಕೋಪ ಜಾಸ್ತಿ ಎಂದು ನಮ್ಮ ಮನೆಯಲ್ಲಿ ಒಂದು ಅಪಪ್ರಚಾರವಿದೆ. ಅದನ್ನು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತದೆ!

ಕಾರು ನನ್ನದಲ್ಲ. ಗೌನಿಪಲ್ಲಿಯ ನಮ್ಮ ಮಾವ ವೆಂಕಟರಾಯಪ್ಪನವರದು. ಕೆ.ಜಿ.ಎಫ್. ಗಣಿಯ ಯಾವನೋ ಇಂಗ್ಲಿಷ್ ಸಾಹೇಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಮಾವನವರ ತಂದೆಗೆ ಮಾರಿ ಹೋದದ್ದು. ಕಪ್ಪು ಮೈ, ಗುಂಡು ಕಣ್ಣಿನ ದೀಪಗಳು, ಬಾಗಿಲ ಕೆಳಗೆ ಕಾಲಿಡುವ ಉದ್ದ ಹಲಗೆ. ಆ ಮನೆಯ ಹೆಣ್ಣುಮಕ್ಕಳು ಮದುವೆಯ ದಿನ ಛತ್ರಕ್ಕೆ ಹೋಗುವುದು ಅದೇ ಕಾರಿನಲ್ಲಿ. ಸೋದರತ್ತೆಯರು ಹೋದರು, ತ್ರಿವೇಣಿ ಬಂದಳು, ಈಗ ಅವಳ ತಂಗಿ ಮೇಘನಳ ಸರದಿ. ಮಾವನವರಿಗೆ ಕಣ್ಣು ಮಂಜಾದ ಮೇಲೆ ಬೀಗದ ಕೈ ಹಿರಿಯ ಅಳಿಯನಾದ ನನಗೆ ಬಂತು, ಕಾರು ಮುಳಬಾಗಿಲಿನ ನಮ್ಮ ಮನೆಯ ಅಂಗಳಕ್ಕೆ ಬಂತು. ಮಾವ ಹೇಳಿದ್ದು ಇಷ್ಟೇ: "ಅಳಿಯಂದ್ರೇ, ಮಗು ಮದ್ವೆ ದಿನ ಕಾರು ಬಾಗ್ಲಲ್ಲಿ ನಿಂತಿರ್ಬೇಕು. ಅದೊಂದು ತಪ್ಪಿದ್ರೆ ನಾನು ಊರಲ್ಲಿ ತಲೆ ಎತ್ತಂಗಿಲ್ಲ."

ಆದರೆ ಕಾರಿಗೆ ಮುಂದುಗಡೆ ಗಡಗಡ ನಡುಕ. ಸ್ವಲ್ಪ ವೇಗ ಹಿಡಿದರೆ ಸ್ಟೇರಿಂಗ್ ಹಿಡಿದವನ ಹಲ್ಲೂ ಅಲ್ಲಾಡುತ್ತಿತ್ತು. ಬೈಪಾಸಿನ ಪಕ್ಕದ ಆಂಜಿಯ ಶೆಡ್ಡಿಗೆ ಒಯ್ದೆ. ಸುತ್ತ ಹತ್ತೂರಿಗೆ ತಾನೊಬ್ಬನೇ ಮೆಕ್ಯಾನಿಕ್ ಎಂದು ಆಂಜಿಯ ನಂಬಿಕೆ. ನಾನು ಬಿಸಿಲಲ್ಲಿ ನಿಂತು ಬೆವರುವಾಗ ಅವನು ಕುರ್ಚಿಯಲ್ಲಿ ಕೂತು ಟೀ ಮುಗಿಸಿ, ಲೋಟ ತೊಳೆಸಿ, ಮೀಸೆ ಒರೆಸಿಕೊಂಡು ಎದ್ದ! ನಮ್ಮ ಕಾರಿನ ಮುಂದಿನ ಆಕ್ಸಲ್ ಎಂದರೆ ಎರಡು ಚಕ್ರಗಳ ನಡುವೆ ಅಡ್ಡ ಮಲಗಿರುವ ಒಂದು ದಪ್ಪ ಕಬ್ಬಿಣದ ತೊಲೆ. ಆಂಜಿ ಒಂದು ಕಣ್ಣು ಮುಚ್ಚಿ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಸಾವಿನ ಮನೆಗೆ ಬಂದವನ ಹಾಗೆ ಲೊಚಗುಟ್ಟಿದ.

"ಹಳೇ ಮಾಡ್ಲು ಸಾರ್, ಪಾರ್ಟ್ಸ್ ಸಿಗಲ್ಲ. ಬಿಟ್ಟು ಹೋಗಿ, ನೋಡಾಣ."

"ಯಾವಾಗ ಕೊಡ್ತೀಯ?"

"ನೋಡಾಣ ಸಾರ್."

"ಮದುವೆ ಇದೆಯಪ್ಪಾ!"

"ಯಾರ್ದು ಸಾರ್, ಕಾರ್ದಾ?"

ಶೆಡ್ಡಿನ ಹಿಂದೆ ಇಣುಕಿದೆ. ಹೀಗೆ ಯಾರ್ಯಾರೋ ಬಿಟ್ಟು ಹೋದ ಕಾರುಗಳು ಸಾಲಾಗಿ ನಿಂತಿದ್ದವು. ಒಂದರ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಅದೂ ಗುರ್ರೆಂದಿತು! ರೇಗಿ ಹೋಯಿತು. ಕಾರನ್ನು ಅಲ್ಲಿಂದಲೇ ತಿರುಗಿಸಿಕೊಂಡು ಮನೆಗೆ ಬಂದೆ. ಮೇಲೆ ಹೇಳಿದ ಘೋಷಣೆ ಆಗ ಮಾಡಿದ್ದು.

ನಾನೇನು ಸಾಮಾನ್ಯನೇ? ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಭೂಮಾಪಕ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುವಿನ ಮೇಲೆ ನೇರ ಗೆರೆ ಎಳೆದು, ಜೀವಸಹಿತ ಮನೆಗೆ ಬಂದವನು! ಇಂಥವನಿಗೆ ಒಂದು ತೊಲೆ ನೆಟ್ಟಗೆ ಮಾಡಲು ಬಾರದೇ? ಫೋನಿನಲ್ಲಿ ವಿಡಿಯೊ ನೋಡಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ದೊರೆ ನಗುನಗುತ್ತಾ ಇಂಥದೇ ಕಾರಿನ ಆಕ್ಸಲ್ ಬಿಚ್ಚಿ, ಅದರ ಮೇಲೆ ಕಾರಿನ ಭಾರ ಹೊರುವ ಕಮಾನ್ ಪಟ್ಟೆಗಳಲ್ಲಿ ಒಂದನ್ನು ತೆಗೆದು, ಮತ್ತೆ ಕೂರಿಸಿದ. ಕಾರಿನ ಮೂತಿ ಚೂರು ತಗ್ಗಿ, ಬೀಗರ ಮುಂದೆ ನಿಂತ ಗೃಹಸ್ಥನಂತೆ ಗಂಭೀರವಾಗಿ ಕಂಡಿತು. ನಡುಕ ನಿಲ್ಲಿಸುವುದಷ್ಟೇ ಅಲ್ಲ, ಮೂತಿಯನ್ನೂ ತಗ್ಗಿಸಿಯೇ ಬಿಡುತ್ತೇನೆ ಎಂದುಕೊಂಡೆ.

ಪಕ್ಕದ ಮನೆಯ ಗಂಗಾಧರ್ ಟೊಮೆಟೊ ಮಂಡಿಗೆ ಗಾಡಿ ಓಡಿಸುವವನು. ಅವನಿಂದ ಜಾಕ್ ತಂದೆ. ಮೂತಿ ಎತ್ತಿ ಕೆಳಗೆ ಚಪ್ಪಡಿ ಕಲ್ಲು ಪೇರಿಸಿದೆ. ಅಂಗಿ ಕರಿಯಾಯಿತು, ಗೆಣ್ಣು ಸುಲಿಯಿತು, ಬಾಯಿಂದ ಬರಬಾರದ ಮಾತುಗಳು ಬಂದವು. ತ್ರಿವೇಣಿ ಬಂದು ಬೀದಿ ಕಡೆಯ ಕಿಟಕಿ ಮುಚ್ಚಿದಳು.

ಆಕ್ಸಲ್ ಇಳಿಸುವ ಮೊದಲು ಮಾತ್ರ ನಾನು ಬುದ್ಧಿವಂತಿಕೆ ಮರೆಯಲಿಲ್ಲ. ದಿಕ್ಕು ಗುರುತಿಸದೆ ಭೂಮಾಪಕ ಯಾವುದನ್ನೂ ಮುಟ್ಟುವುದಿಲ್ಲ! ಕಾರು ದಕ್ಷಿಣಕ್ಕೆ ಮುಖ ಮಾಡಿ ನಿಂತಿತ್ತು. ನಾನು ತೊಲೆಯ ಮೇಲೆ ಬಿಳಿ ಪೇಂಟಿನಲ್ಲಿ ಉತ್ತರಕ್ಕೆ ಒಂದು ಬಾಣ ಎಳೆದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಉ' ಎಂದು ಬರೆದೆ. ಮತ್ತೆ ಕೂರಿಸುವಾಗ ಬಾಣ ಉತ್ತರಕ್ಕಿರಬೇಕು, ಮುಗಿಯಿತು. ಆಂಜಿಯ ವಂಶದಲ್ಲಿ ಯಾರಿಗಾದರೂ ಇದು ಹೊಳೆದೀತೇ?

ತೊಲೆಯನ್ನು ದಾರ ಹಿಡಿದು ಅಳೆದು, ಬಡಿದು, ಸವೆದ ಬುಷ್ ಬದಲಾಯಿಸಿ, ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸುವಷ್ಟರಲ್ಲಿ ಅತ್ತೆಯ ಫೋನ್ ಬಂತು. ತ್ರಿವೇಣಿ ಮಾತಾಡಿ ಹೊರಗೆ ಓಡಿ ಬಂದಳು.

"ರೀ, ಮದ್ವೆ ಕಾರನ್ನ ದಕ್ಷಿಣಕ್ಕೆ ಮುಖ ಮಾಡ್ಸಿ ಬಿಚ್ಚಿದ್ದೀರಲ್ಲ, ಅದು ಯಮನ ದಿಕ್ಕಂತೆ! ಅಮ್ಮ ಒಂದೇ ಸಮ ಅಳ್ತಿದ್ದಾರೆ. ಮೊದ್ಲು ಉತ್ತರಕ್ಕೆ ತಿರುಗ್ಸಿ."

"ಮುಂದಿನ ಚಕ್ರವೇ ಇಲ್ಲ! ನನ್ನ ತಲೆ ಮೇಲೆ ಇಟ್ಟು ತಿರುಗಿಸಲಾ?"

ನಾನು ಕೂಗಾಡುತ್ತಲೇ ಇದ್ದೆ. ಗಂಗಾಧರ್ ತನ್ನ ಗಾಡಿಯ ಹಮಾಲಿಗಳನ್ನು ಕರೆತಂದ. ಅವರು ಕಾರಿನ ಮೂತಿಯನ್ನು ಅನಾಮತ್ತಾಗಿ ಎತ್ತಿ ಹಿಡಿದು, ತಳ್ಳುಗಾಡಿಯಂತೆ ಹಿಂದಿನ ಚಕ್ರಗಳ ಮೇಲೆ ಗಿರ್ರನೆ ತಿರುಗಿಸಿ, ಉತ್ತರಕ್ಕೆ ಮುಖ ಮಾಡಿ ಮತ್ತೆ ಕಲ್ಲಿನ ಮೇಲೆ ಇಟ್ಟು ಹೋದರು. ಮೂಢನಂಬಿಕೆಗಳ ವಿರುದ್ಧ ನಾನು ಆಡಿದ ಮಾತುಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಕಮಾನಿನ ಒಂದು ಪಟ್ಟೆ ತೆಗೆದಿಟ್ಟು ಆಕ್ಸಲ್ ಕೂರಿಸಿದೆ. ಬಾಣ ಉತ್ತರಕ್ಕೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ! ಸ್ಟೇರಿಂಗಿನ ರಾಡ್ ಮಾತ್ರ ಯಾಕೋ ಮೊಂಡಾಟ ಮಾಡಿತು. ಸುತ್ತಿಗೆಯಿಂದ ಬುದ್ಧಿ ಹೇಳಿದೆ, ಕೂತಿತು.

ಗೇಟು ತೆಗೆಸಿ ಹೊರಟೆ. ನಡುಕವಿಲ್ಲ! ಮೂತಿ ತಗ್ಗಿದೆ! ಎಡಕ್ಕೆ ಹೋಗಲು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರು ಬಲಕ್ಕೆ ಹೊರಟಿತು. ಇನ್ನಷ್ಟು ಎಡಕ್ಕೆ ತಿರುಗಿಸಿದೆ. ಇನ್ನಷ್ಟು ಬಲಕ್ಕೆ ಹೋಯಿತು! ಮುಂದೆ ಗಂಗಾಧರನ ಟೊಮೆಟೊ ಕ್ರೇಟುಗಳು.

"ಸಾರ್, ಎಡಕ್ಕೆ! ಎಡಕ್ಕೆ ತಿರುಗ್ಸಿ!"

"ಎಡಕ್ಕೇ ತಿರುಗಿಸ್ತಿದ್ದೀನಿ ಕಣಯ್ಯಾ!"

ಇಡೀ ಬೀದಿಗೆ ಅಂದು ಸಾಂಬಾರಿನ ಬಣ್ಣ. ತ್ರಿವೇಣಿ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಕಾರಿನ ಕೆಳಗೆ ನೋಡಿದಳು. ಬಾಣವನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ರೀ, ಕಾರು ತಿರುಗ್ಸಿದ್ವಿ. ಬಾಣ ತಿರುಗ್ಸಿದ್ರಾ?"

ಅಯ್ಯೋ! ಕಾರು ದಕ್ಷಿಣ ಬಿಟ್ಟು ಉತ್ತರಕ್ಕೆ ಮುಖ ಮಾಡಿತ್ತು. ನನ್ನ ಬಾಣ ಮಾತ್ರ ನಿಯತ್ತಾಗಿ ಮೊದಲಿನ ಉತ್ತರವನ್ನೇ ಹಿಡಿದಿತ್ತು. ಅಂದರೆ ಆಕ್ಸಲ್ ಹಿಂದುಮುಂದಾಗಿ ಕೂತು, ಸ್ಟೇರಿಂಗಿನ ರಾಡ್ ಚಕ್ರಗಳನ್ನು ಹಿಂದಿನಿಂದ ಎಳೆಯುವ ಬದಲು ಮುಂದಿನಿಂದ ಎಳೆಯುತ್ತಿತ್ತು. ಹಾಗಾಗಿಯೇ ಎಡವೆಂದರೆ ಬಲ, ಬಲವೆಂದರೆ ಎಡ!

"ಆಂಜಿನ ಕರೀಲಾ?"

"ಅವನ ಹೆಸರೆತ್ತಿದರೆ ನಾನು ಮದುವೆಗೇ ಬರಲ್ಲ! ಆಕ್ಸಲ್ ಸರಿಯಾಗೇ ಇದೆ. ನಮ್ಮ ಅಭ್ಯಾಸ ಸರಿ ಇಲ್ಲ, ಅಷ್ಟೆ!"

ಮಾತು ಬಾಯಿಂದ ಬಿದ್ದ ಮೇಲೆ ಹಿಂದೆಗೆಯುವ ಜಾಯಮಾನ ನನ್ನದಲ್ಲ. ದಿನಾ ಬೆಳಿಗ್ಗೆ ಒಣಗಿದ ಕೆರೆಯಂಗಳಕ್ಕೆ ಕಾರು ಒಯ್ದು ಉಲ್ಟಾ ಓಡಿಸುವುದನ್ನು ಕಲಿತೆ. ಅಲ್ಲಿ ಮೇಯುವ ಎಮ್ಮೆಗಳು ನನಗಿಂತ ಬೇಗ ಕಲಿತವು. ನನ್ನ ಕೈ ಎಡಕ್ಕೆ ಹೋದರೆ ಅವು ತಾವಾಗಿಯೇ ಬಲಗಡೆ ಖಾಲಿ ಮಾಡುತ್ತಿದ್ದವು! ಕೊನೆಗೆ ನಾನು ಯಾವ ಮಟ್ಟಕ್ಕೆ ಪಳಗಿದೆನೆಂದರೆ, ಮುಳಬಾಗಿಲಿನಿಂದ ಗೌನಿಪಲ್ಲಿಯವರೆಗೆ ಒಂದು ಗೀರೂ ಬೀಳದಂತೆ ಓಡಿಸಿಕೊಂಡು ಹೋದೆ. ತ್ರಿವೇಣಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಮನೆದೇವರ ಹೆಸರು ಹೇಳುತ್ತಿದ್ದಳು.

"ನೋಡಿದೆಯಾ?"

"ಎಲ್ಲಿ ನೋಡ್ಲಿ, ಕಣ್ಣೇ ಬಿಟ್ಟಿಲ್ಲ. ನಾಳೆ ಇದ್ರಲ್ಲಿ ನನ್ ತಂಗಿ ಕೂತ್ಕೋಬೇಕು ರೀ." ನನಗೆ ಸಿಟ್ಟು ಬಂದು ಮುಖ ತಿರುಗಿಸಿದೆ.

ಗೌನಿಪಲ್ಲಿಗೆ ಇಳಿದದ್ದೇ ತಡ, ಅವಳಿಗೆ ನನ್ನ ಮೇಲೆ ಎಲ್ಲಿಲ್ಲದ ಭರವಸೆ ಹುಟ್ಟಿತು. "ಶ್ರೀನಿವಾಸಪುರಕ್ಕೆ ಹೋಗಿ ಹೂವಿನ ಹಾರ ನೀವೇ ನೋಡಿ ತನ್ನಿ, ಬೇರೆಯವ್ರಿಗೆ ಗೊತ್ತಾಗಲ್ಲ" ಎಂದು ಬಸ್ಸು ಹತ್ತಿಸಿದಳು. ತಂದೆ. "ವೀಳ್ಯದೆಲೆ ಸಾಲಲ್ಲ" ಎಂದು ಮತ್ತೆ ಅಟ್ಟಿದಳು. ತಂದೆ. "ಛತ್ರದ ಬೀಗದ ಕೈ ಇಸ್ಕೊಂಡು ಬನ್ನಿ." ಮನೆಯ ಅಳಿಯನೋ, ಬಾಡಿಗೆ ಸೈಕಲ್ಲೋ? ಸಂಜೆ ಕೆಂಡವಾಗಿ ಮರಳಿದಾಗ ಕಾರಿನ ಮೇಲೆ ಟಾರ್ಪಾಲು ಹೊದಿಸಿತ್ತು.

"ಇಬ್ಬನಿ ಬೀಳತ್ತಲ್ಲ, ಅದಕ್ಕೆ" ಎಂದಳು. ಆಮೇಲೆ ಹತ್ತಿರ ಬಂದು, "ರೀ, ಒಂದ್ ಮಾತು. ಕೋಪ ಮಾಡ್ಕೋಬಾರ್ದು..."

"ಕಾಲು ಬಿದ್ದು ಹೋಗಿದೆ, ಈಗ ಏನೂ ಹೇಳಬೇಡ!"

ಬೆಳಿಗ್ಗೆ ಕಾರಿಗೆ ಹೂ ಕಟ್ಟುವಾಗ ಮತ್ತೆ ಬಂದಳು. "ರೀ, ಹೊರಡೋ ಮುಂಚೆ..."

"ಸುಮ್ಮನಿರ್ತೀಯಾ! ನನ್ನ ತಲೆಯಲ್ಲಿ ಎಡಬಲ ಎರಡೂ ತುಂಬಿಕೊಂಡಿದೆ. ಮಾತಾಡಿಸಿದರೆ ಚೆಲ್ಲಿ ಹೋಗತ್ತೆ!"

ಓಲಗ ಶುರುವಾಯಿತು. ಮೇಘನ ಹಿಂದಿನ ಸೀಟಿನಲ್ಲಿ ಕೂತಳು. ತ್ರಿವೇಣಿ ಮುಂದಿನ ಬಾಗಿಲಿಗೆ ಓಡಿ ಬಂದು ಏನೋ ಕೂಗಿದಳು. ಓಲಗದ ಸದ್ದಿನಲ್ಲಿ ಕೇಳಿಸಲಿಲ್ಲ, ನಾನು ಕೇಳಿಸಿಕೊಳ್ಳಲೂ ಇಲ್ಲ. ಮಾವ ಚಪ್ಪರದ ಕೆಳಗೆ ಕೈ ಮುಗಿದು ನಿಂತಿದ್ದರು. ದಾರಿ ಎಡಕ್ಕೆ. ನಾನು ಪಳಗಿದ ಕೈಯಿಂದ, ಠೀವಿಯಿಂದ, ಬಲಕ್ಕೆ ತಿರುಗಿಸಿದೆ.

ಕಾರು ಬಲಕ್ಕೇ ಹೋಯಿತು!

ಇಂಥ ದ್ರೋಹವನ್ನು ನಾನು ಆ ಕಾರಿನಿಂದ ನಿರೀಕ್ಷಿಸಿರಲಿಲ್ಲ. ಇನ್ನಷ್ಟು ಬಲಕ್ಕೆ ತಿರುಗಿಸಿದೆ. ಚಪ್ಪರದ ನೀಲಗಿರಿ ಕಂಬ ಲಟಕ್ಕೆಂದಿತು. ಒಂದು ಮೂಲೆಯ ತೆಂಗಿನ ಗರಿ, ಮಾವಿನ ಸೊಪ್ಪು, ಬಣ್ಣದ ದೀಪದ ಸರ, ಎಲ್ಲವೂ ಬಾನೆಟ್ಟಿನ ಮೇಲೆ ಕುಸಿದವು. ಓಲಗ ನಿಂತಿತು.

"ಮಗು ಹೆಂಗೈತೆ?" ಮಾವ ಗಾಳಿಯಲ್ಲಿ ಕೈಯಾಡಿಸುತ್ತಾ ಬಂದರು.

"ನಾನ್ ಚೆನ್ನಾಗಿದ್ದೀನಪ್ಪಾ. ಭಾವಂಗೇ ಏನೋ ಆಗೈತೆ!" ಎಂದಳು ಮೇಘನ.

ನಾನು ಸೊಪ್ಪಿನ ನಡುವಿನಿಂದ ಎದ್ದು ಗುಡುಗಿದೆ. "ಯಾರು? ನನ್ನ ಆಕ್ಸಲ್ ಮುಟ್ಟಿದ್ದು ಯಾರು?"

ಜನರ ಹಿಂದಿನಿಂದ ರೇಷ್ಮೆ ಅಂಗಿ ತೊಟ್ಟ, ಕೈಯಲ್ಲಿ ಚಿತ್ರಾನ್ನದ ಎಲೆ ಹಿಡಿದ ಆಂಜಿ ಮುಂದೆ ಬಂದ.

"ನಾನೇ ಸಾರ್. ನಿನ್ನೆ ನೀವು ವೀಳ್ಯದೆಲೆಗೆ ಹೋಗಿದ್ರಲ್ಲಾ, ಆವಾಗ ಅಮ್ಮಾವ್ರು ಕರೆಸಿದ್ರು. ಮೇಲೆ 'ಉ' ಅಂತ ಬರ್ದಿದ್ರಿ, ಉಲ್ಟಾ ಅಂತ ನೀವೇ ಬರ್ದಿದ್ದೀರ ಅಂದ್ಕೊಂಡು ತಿರುಗ್ಸಿ ಹಾಕ್ದೆ."

ಬಾಯಿ ತೆರೆದೆ. ಅಷ್ಟರಲ್ಲಿ ತ್ರಿವೇಣಿ ಎದುರಿಗೆ ನಿಂತಿದ್ದಳು. ಕಣ್ಣು ತುಂಬಿತ್ತು.

"ನಿನ್ನೆಯಿಂದ ಹೇಳೋಕೆ ಒದ್ದಾಡ್ತಿದ್ದೀನಿ. ಒಂದ್ ಸಲನಾದ್ರೂ ಬಾಯಿ ಬಿಡೋಕೆ ಬಿಟ್ರಾ ನೀವು?"

ತವರಿನವರೆಲ್ಲ ನೋಡುತ್ತಿದ್ದರು. ನನ್ನ ಕೋಪ ಟೈರಿನ ಗಾಳಿಯಂತೆ ಇಳಿದು ಹೋಯಿತು. ನಿಜವಾಗಿಯೂ ನಾಚಿಕೆಯಾಯಿತು. ಮಾವ ಕೈ ಚಾಚಿದರು, ನಾನು ಬೀಗದ ಕೈ ಇಟ್ಟೆ. ಅವರು ಅದನ್ನು ಆಂಜಿಗೆ ಕೊಟ್ಟರು.

"ಮುಹೂರ್ತಕ್ಕೆ ಹೊತ್ತಾಗ್ತೈತೆ, ನೀನೇ ಬಿಡಪ್ಪಾ. ಕಾರು ನೆಟ್ಟಗಾಯ್ತು. ನಮ್ ಅಳಿಯಂದ್ರನ್ನೂ ಒಸಿ ನೋಡು, ರಿಪೇರಿ ಆಗ್ತೈತಾ?"

ಆಂಜಿ ಎಲೆ ಕೆಳಗಿಟ್ಟ. ಒಂದು ಕಣ್ಣು ಮುಚ್ಚಿ ನನ್ನನ್ನು ನೆತ್ತಿಯಿಂದ ಅಂಗಾಲಿನವರೆಗೆ ನೋಡಿ ಲೊಚಗುಟ್ಟಿದ.

"ಹಳೇ ಮಾಡ್ಲು ಯಜಮಾನ್ರೇ, ಪಾರ್ಟ್ಸ್ ಸಿಗಲ್ಲ. ಬಿಟ್ಟು ಹೋಗಿ, ನೋಡಾಣ."

ತ್ರಿವೇಣಿ ತಂಗಿಯ ಪಕ್ಕ ಕೂತು ಬಾಗಿಲು ಹಾಕಿಕೊಂಡಳು. ಕಾರು ಎಡಕ್ಕೆ, ಸರಿಯಾಗಿ ಎಡಕ್ಕೇ ತಿರುಗಿತು. ನನ್ನನ್ನು ಚಪ್ಪರದ ಕಂಬ ಹಿಡಿದುಕೊಂಡು ನಿಲ್ಲಲು ಹೇಳಿ, ಎಲ್ಲರೂ ನಿಜವಾಗಿಯೂ ಬಿಟ್ಟೇ ಹೋದರು!